ಬೀಗರ ರಿಪೋರ್ಟು ಬೇರೆ, ನಮ್ಮದು ಬೇರೆ



ಕೊಲೆಸ್ಟ್ರಾಲ್ ರಿಪೋರ್ಟು ಕೈಗೆ ಬಂದ ಕೂಡಲೇ ಪಕ್ಕದವರದಕ್ಕೆ ಹೋಲಿಸಿ ನೋಡುತ್ತೇವೆ, ಅಲ್ಲವೇ? ಅದಕ್ಕೂ ಮುಂಚೆ ದೂರದ ಒಂದು ಸೀಮೆಯ ವಿಷಯ ಕೇಳಿ.

ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಗಡಿಯಲ್ಲಿ ಟಿಟಿಕಾಕಾ ಸರೋವರವಿದೆ. ಎತ್ತರ ಸುಮಾರು 3,800 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡರಷ್ಟು. ಅಲ್ಲಿ ಐಮಾರಾ, ಕೆಚುವಾ ಜನ ತಲೆತಲಾಂತರದಿಂದ ಆಲೂಗಡ್ಡೆ, ಕಿನೋವಾ ಬೆಳೆದು, ಲಾಮಾ ಸಾಕಿ ಬಾಳುತ್ತಿದ್ದಾರೆ.

ನಮ್ಮೆಲ್ಲರ ಮೈಯಲ್ಲೂ ಎಬಿಸಿಎ1 ಎಂಬ ಜೀನ್ ಇದೆ. ಜೀವಕೋಶದಲ್ಲಿ ಮಿಕ್ಕ ಕೊಲೆಸ್ಟ್ರಾಲನ್ನು ಹೊರಗೆ ಸಾಗಿಸಿ, ಎಚ್‌ಡಿಎಲ್ ಎಂಬ ‘ಒಳ್ಳೆಯ ಕೊಲೆಸ್ಟ್ರಾಲ್’ ತಯಾರಾಗಲು ಅದು ನೆರವಾಗುತ್ತದೆ. ಅಮೆರಿಕ ಖಂಡಗಳ ಅನೇಕ ಮೂಲನಿವಾಸಿ ಜನಾಂಗಗಳಲ್ಲಿ ಈ ಜೀನಿನ ಒಂದೇ ಒಂದು ಅಕ್ಷರ ಬದಲಾದವರಿದ್ದಾರೆ. ಅಂಥವರಲ್ಲಿ ಎಚ್‌ಡಿಎಲ್ ಕಡಿಮೆ ಇರುತ್ತದೆ. ಆದರೆ ಒಂದೇ ಮನೆಯಲ್ಲಿ ಅಣ್ಣನಿಗೆ ಇದ್ದದ್ದು ತಮ್ಮನಿಗೆ ಇಲ್ಲದಿರಬಹುದು.

ಆ ಬದಲಾವಣೆ ಅವರ ವಂಶದ್ದು. ನಮ್ಮ ವಂಶಗಳಲ್ಲಿ ಬೇರೆ ಬದಲಾವಣೆಗಳಿವೆ. ಒಂದೇ ಅಡುಗೆ ಉಂಡ ಗಂಡ-ಹೆಂಡತಿಯ ರಿಪೋರ್ಟು ಬೇರೆ ಬೇರೆ ಬರಲು ಇದೂ ಒಂದು ಕಾರಣ.

ಆದ್ದರಿಂದ ಮೂರು ಮಾತು ನೆನಪಿಡಿ. ಊರಿಂದ ತಂದ ಮಾತ್ರೆ ಮುಗಿದರೆ ಬೀಗರ ಮಾತ್ರೆ ನುಂಗಬೇಡಿ. ಮುಗಿಯುವ ಮೊದಲೇ ಮಕ್ಕಳಿಗೆ ಹೇಳಿ. ಯಾರೋ ಬಿಟ್ಟರೆಂದು ನೀವೂ ಬಿಡಬೇಡಿ. ಒಡಹುಟ್ಟಿದವರಿಗೆ, ಹೆತ್ತವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಡಾಕ್ಟರಿಗೆ ಮುಚ್ಚಿಡದೆ ತಿಳಿಸಿ.

ಜೀನ್ ಹಣೆಬರಹವಲ್ಲ. ಮಿತವಾದ ಊಟ, ದಿನದ ನಡಿಗೆ, ಸರಿಯಾದ ಮಾತ್ರೆ ನಮ್ಮ ಕೈಯಲ್ಲೇ ಇವೆ.