ಅಕ್ಕನ ಕಾಪಿ ಅಂಗಡಿ ಉಳಿಯಬೇಕಾದರೆ

(ವಯನಾಡಿನ ಎಸ್ಟೇಟ್ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಕೂಲಿ ದರದ ವಿಷಯವಾಗಲಿ ಬೋನಸ್ಸಿನ ವಿಷಯವಾಗಲಿ ಎತ್ತುವುದಿಲ್ಲ. ನಮ್ಮ ಪಾಡಿಯ ಕೆಳಗೆ ಕವಲುದಾರಿಯಲ್ಲಿರುವ ಸಣ್ಣ ಕಾಪಿ ಅಂಗಡಿಯ ವಿಷಯ ಮಾತಾಡಬೇಕಾಗಿದೆ. ಚಿಕ್ಕವರು ದೊಡ್ಡವರೆಲ್ಲ ಅದನ್ನು ಅಕ್ಕನ ಅಂಗಡಿ ಎಂದೇ ಕರೆಯುತ್ತೇವೆ. ಗಂಡ ತೀರಿಕೊಂಡ ಮೇಲೆ ಅಕ್ಕ ಎರಡು ಮಕ್ಕಳನ್ನು ಓದಿಸಿದ್ದು ಆ ಒಲೆಯಿಂದಲೇ. ಈಗ, ಮಳೆಗಾಲಕ್ಕೆ ಮುಂಚೆ ಬಾಗಿಲು ಹಾಕಿಬಿಡುತ್ತೇನೆ ಎನ್ನುತ್ತಿದ್ದಾರೆ. ಕಾರಣ ತಮಗೆ ಗೊತ್ತೇ ಇದೆ. ಮೇನ್ ರೋಡಿನಲ್ಲಿ ಹೊಸ ಬೇಕರಿ ಬಂದಿದೆ. ಗಾಜಿನ ಕಪಾಟು, ಫ್ಯಾನು, ಗುಂಡಿ ಒತ್ತಿದರೆ ಕಾಪಿ ಸುರಿಯುವ ಮಿಷನ್ನು, ಎಲ್ಲವೂ ಅಲ್ಲಿ ಇವೆ.

ಮೊದಲೇ ಒಂದು ಮಾತು. ಆ ಬೇಕರಿಯ ಮೇಲೆ ನಮಗೆ ಹಗೆ ಇಲ್ಲ. ಅಲ್ಲಿ ತಟ್ಟೆ ತೊಳೆಯುವ ಹುಡುಗರೂ ದುಡಿಯುವವರ ಮಕ್ಕಳೇ. ಅಲ್ಲಿಗೆ ಹೋಗಬೇಡಿ ಎಂದು ಯಾರನ್ನೂ ತಡೆಯುವುದು ಸಂಘದ ಕೆಲಸವಲ್ಲ. ಅವರ ತಿಂಡಿಯಲ್ಲಿ ಅದಿತ್ತು, ಇದಿತ್ತು ಎಂದು ಸುಳ್ಳು ಹಬ್ಬಿಸುವುದು ಪಾಪ. ಇನ್ನೊಬ್ಬರನ್ನು ಕೆಡಿಸದೆ ಅಕ್ಕನ ಅಂಗಡಿ ನಿಲ್ಲುವಂತಾಗಬೇಕು.

ಅಕ್ಕ ಕೇಳಿಕೊಂಡ ಮೇಲೆ ಸಂಘದ ನಾವು ಮೂವರು ಒಂದು ವಾರ ಅಂಗಡಿಯಲ್ಲಿ ಕುಳಿತು ಲೆಕ್ಕ ನೋಡಿದೆವು. ಕಂಡದ್ದನ್ನು ಅಕ್ಕನ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ.

ಮೊದಲನೆಯದು ಬೆಲೆ. ಬೇಕರಿಗಿಂತ ಲೋಟಕ್ಕೆ ಎರಡು ರೂಪಾಯಿ ಕಡಿಮೆ ಮಾಡಿದರೆ ಜನ ಬರುತ್ತಾರೆಂದು ಅಕ್ಕನಿಗೆ ಹಲವರು ಬುದ್ಧಿ ಹೇಳಿದ್ದರು. ಲೆಕ್ಕ ಹಾಕಿ ನೋಡಿ. ದಿನಕ್ಕೆ 100 ಲೋಟ ಹೋಗುವ ಅಂಗಡಿಯಲ್ಲಿ ಎರಡು ರೂಪಾಯಿ ಇಳಿಸಿದರೆ ದಿನಕ್ಕೆ 200 ರೂಪಾಯಿ ಹೋಯಿತು. ಅದೇ, ಲೋಟಕ್ಕೆ 10 ಗ್ರಾಂ ಪುಡಿ ಎಂದು ಹಿಡಿದರೆ ಒಂದು ಕಿಲೋ ಪುಡಿಯಲ್ಲಿ 100 ಲೋಟ ಆಗುತ್ತದೆ. ಕಿಲೋಗೆ 100 ರೂಪಾಯಿ ಹೆಚ್ಚು ಕೊಟ್ಟು ಒಳ್ಳೆಯ ಪುಡಿ ತಂದರೂ ಲೋಟಕ್ಕೆ ಬೀಳುವ ಹೆಚ್ಚುವರಿ ಒಂದೇ ರೂಪಾಯಿ. ಬೆಲೆ ಇಳಿಸುವುದಕ್ಕಿಂತ ರುಚಿ ಏರಿಸುವುದೇ ಅಗ್ಗ. ದೊಡ್ಡ ಅಂಗಡಿಯವರು ನಷ್ಟವನ್ನು ಆರು ತಿಂಗಳು ತಡೆದಾರು, ಅಕ್ಕ ಆರು ದಿನ ತಡೆಯಲಾರರು.

ಎರಡನೆಯದು ಪುಡಿ. ನಮ್ಮ ವಯನಾಡಿನಲ್ಲಿ ಬೆಳೆಯುವುದು ಬಹುಪಾಲು ರೊಬಸ್ಟಾ. ಇದಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅರೇಬಿಕಾದಷ್ಟು ಪರಿಮಳ ಇದಕ್ಕಿಲ್ಲ, ಆದರೆ ಹಾಲು ಬೆರೆಸಿದರೂ ಕಾಪಿಯ ಗಟ್ಟಿತನ ಉಳಿಯುತ್ತದೆ. ಡಿಸೆಂಬರಿನಿಂದ ಗಿಡಗಿಡಕ್ಕೂ ಬಗ್ಗಿ ಹಣ್ಣು ಕೊಯ್ಯುವವರು ನಾವು, ಕುಡಿಯುವುದು ಮಾತ್ರ ಚಿಕೋರಿ! ಚಿಕೋರಿ ಎಂದರೆ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಬಣ್ಣ ಕೊಡುತ್ತದೆ, ಕಹಿ ಕೊಡುತ್ತದೆ, ಕಾಪಿಯ ಚುರುಕು ಅದರಲ್ಲಿಲ್ಲ. ಬೆರಕೆ ಪುಡಿಯಲ್ಲಿ ನೂರಕ್ಕೆ 51 ಭಾಗಕ್ಕೆ ಕಡಿಮೆಯಿಲ್ಲದಂತೆ ಕಾಪಿ ಇರಬೇಕೆಂದು ಕಾನೂನೇ ಇದೆ, ಪೊಟ್ಟಣದ ಮೇಲೆ ಪ್ರಮಾಣ ಬರೆಯಬೇಕು. ಅದನ್ನು ಓದಿ ಕೊಳ್ಳಬೇಕು. ಚಿಕೋರಿ ಕಡಿಮೆ ಇರುವ ಪುಡಿಯನ್ನು ವಾರಕ್ಕೆ ಬೇಕಾದಷ್ಟೇ ತಂದು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕೆಂದು ಅಕ್ಕನಿಗೆ ಹೇಳಿದ್ದೇವೆ. ಪುಡಿ ಮಾಡಿದ ಕಾಪಿಯ ವಾಸನೆ ಬೇಗ ಹಾರಿಹೋಗುತ್ತದೆ.

ಮೂರನೆಯದು ಡಿಕಾಕ್ಷನ್. ಬೆಳಗ್ಗೆ ಇಳಿಸಿದ್ದನ್ನು ಮಧ್ಯಾಹ್ನದವರೆಗೆ ಒಲೆಯ ಮೇಲೆ ಕುದಿಸುತ್ತಿದ್ದರೆ ಯಾವ ಪುಡಿಯಾದರೂ ಕಷಾಯವೇ. ದೊಡ್ಡ ಪಾತ್ರೆ ಬಿಟ್ಟು ಸಣ್ಣ ಫಿಲ್ಟರ್ ಎರಡು ಇಟ್ಟುಕೊಂಡು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಇಳಿಯುವಂತೆ ಮಾಡಬೇಕು. ಇದಕ್ಕೆ ಮಿಷನ್ನು ಬೇಡ.

ನಾಲ್ಕನೆಯದು ಶುಚಿ. ಲೋಟವನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುವ ಪದ್ಧತಿ ನಿಲ್ಲಬೇಕು. ಕುದಿಸದ ನೀರಿನಿಂದ ಕಾಮಾಲೆ ಹಬ್ಬುತ್ತದೆ. ಕುದಿಸಿದ ಜೀರಿಗೆ ನೀರನ್ನು ಮೇಜಿನ ಮೇಲೆ ಇಟ್ಟರೆ ಮಕ್ಕಳ ತಾಯಂದಿರು ನಂಬಿ ಬರುತ್ತಾರೆ. ಎಷ್ಟೇ ಸಣ್ಣ ತಿಂಡಿ ಅಂಗಡಿಯಾದರೂ ಆಹಾರ ಸುರಕ್ಷತೆಯ ನೋಂದಣಿ ಬೇಕು, ಆ ಅರ್ಜಿ ತುಂಬಿಕೊಡುವುದು ನಮ್ಮ ಜವಾಬ್ದಾರಿ. ಫೋನಿನಲ್ಲಿ ಹಣ ಕೊಡುವವರಿಗಾಗಿ ಗೋಡೆಗೆ ಚೀಟಿ ಅಂಟಿಸುವ ಕೆಲಸವನ್ನು ಅಕ್ಕನ ಮಗನೇ ಮಾಡಿದ್ದಾನೆ.

ಐದನೆಯದು, ಅಕ್ಕನಲ್ಲಿ ಮಾತ್ರ ಸಿಗುವಂಥದ್ದು ಏನು? ಬೇಕರಿ ತೆರೆಯುವುದು ಎಂಟು ಗಂಟೆಗೆ. ಮಸ್ಟರಿಗೆ ಮುಂಚೆ, ಐದೂವರೆಯ ಚಳಿಯಲ್ಲಿ ಬಿಸಿ ಕಾಪಿ ಕೊಡುವವರು ಅಕ್ಕ ಒಬ್ಬರೇ. ಆ ಹೊತ್ತು ಅವರದು. ಕೇಕು ಪಫ್ಸು ತಂದು ಬೇಕರಿಯ ಜೊತೆ ಪೈಪೋಟಿ ಮಾಡುವುದು ಬೇಡ. ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ, ಬಿಸಿ ಅಕ್ಕಿರೊಟ್ಟಿ ಇಷ್ಟು ಸಾಕು. ಹೊಟ್ಟೆಗೂ ಹಿಡಿಯುತ್ತದೆ, ಮಧ್ಯಾಹ್ನದವರೆಗೆ ಮೈಗೂ ಬಲ.

ಸಣ್ಣವರಿಂದ ಇದೆಲ್ಲ ಆಗುವುದೇ ಎಂದು ಕೇಳುವವರಿಗೆ ನಡೆದ ಒಂದು ಸಂಗತಿ ಹೇಳುತ್ತೇವೆ. ನಮ್ಮ ದೇಶದಲ್ಲಿ ಕಾಪಿ ಕುಡಿಯುವ ಅಭ್ಯಾಸ ಬೆಳೆಯಲೆಂದು 1936ರಲ್ಲಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆದರು. ಮುಂದೆ ಅನೇಕ ಊರುಗಳಲ್ಲಿ ಕಾಫಿ ಬೋರ್ಡ್ ಇಂಥವನ್ನು ನಡೆಸಿತು. 1950ರ ದಶಕದ ನಡುವೆ ಬೋರ್ಡು ಅವನ್ನು ಮುಚ್ಚತೊಡಗಿದಾಗ ಕೆಲಸಗಾರರು ಬೀದಿಗೆ ಬಿದ್ದರು. ಆಗ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಆ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. ಮೊದಲನೆಯ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ, 1958ರಲ್ಲಿ ಕೇರಳದ ತೃಶ್ಶೂರಿನಲ್ಲಿ ಇಂಡಿಯನ್ ಕಾಫಿ ಹೌಸ್ ಬಾಗಿಲು ತೆರೆಯಿತು. ಕಾಪಿ ತಂದಿಡುವವನೇ ಅಲ್ಲಿ ಸದಸ್ಯ, ಅವನೇ ಪಾಲುದಾರ. ಆಮೇಲೆ ಎಷ್ಟೋ ದೊಡ್ಡ ಬಂಡವಾಳದ ಕಾಪಿ ಅಂಗಡಿಗಳು ಬಂದವು. ಆದರೂ ಮಸಾಲೆದೋಸೆಯ ಪಲ್ಯಕ್ಕೆ ಬೀಟ್‌ರೂಟು ಹಾಕುವ ಅದೇ ಕಾಫಿ ಹೌಸ್ ಕೇರಳದ ಪೇಟೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಎಂದಿನ ರುಚಿ, ಹಿಡಿತದ ಬೆಲೆ, ಪರಸ್ಪರ ನಂಬಿಕೆ ಇವೇ ಅವರ ಬಂಡವಾಳ.

ಈ ನಂಬಿಕೆಯ ಮಾತು ಬಂದದ್ದರಿಂದ ಕೊನೆಯ ವಿಷಯ ಹೇಳಲೇಬೇಕು. ಇದು ಅಕ್ಕನಿಗೆ ಅಲ್ಲ, ತಮಗೆ. ಅಂಗಡಿಯಲ್ಲಿ ಒಂದು ಉದ್ರಿ ಪುಸ್ತಕ ಇದೆ. ಅದರಲ್ಲಿ ಬರಬೇಕಾದ ಬಾಕಿ ಎರಡು ತಿಂಗಳ ಹಾಲಿನ ಬಿಲ್ಲಿಗಿಂತ ಹೆಚ್ಚು. ಅಕ್ಕನ ಅಂಗಡಿ ಸೊರಗಿರುವುದು ಬೇಕರಿಯಿಂದ ಅರ್ಧ, ಈ ಪುಸ್ತಕದಿಂದ ಅರ್ಧ. ಕೈಯಲ್ಲಿ ಕಾಸಿದ್ದ ದಿನ ಬೇಕರಿ, ಕಾಸಿಲ್ಲದ ದಿನ ಅಕ್ಕನ ಅಂಗಡಿ ಎಂದು ನಡೆದುಕೊಂಡರೆ ಯಾವ ಅಂಗಡಿ ಉಳಿದೀತು? ಎಸ್ಟೇಟಿನಲ್ಲಿ ಕೆಲಸ ನಿಂತ ವಾರಗಳಲ್ಲಿ ಮುಖ ನೋಡದೆ ಲೋಟ ತುಂಬಿಸಿದವರು ಯಾರು? ಬೇಕರಿಯಲ್ಲಿ ಉದ್ರಿ ಇಲ್ಲವೆಂದು ಬೋರ್ಡೇ ತೂಗುಹಾಕಿದ್ದಾರೆ. ಅಕ್ಕ ಬಾಗಿಲು ಹಾಕಿದರೆ ಜೂನ್ ಜುಲೈ ಮಳೆಯಲ್ಲಿ ಕೆಲಸ ತಪ್ಪಿದಾಗ ಯಾರ ಬಾಗಿಲಿಗೆ ಹೋಗುವುದು?

ಆದ್ದರಿಂದ ಅಕ್ಕನೂ ಸಂಘವೂ ಸೇರಿ ಹೀಗೆ ಗೊತ್ತುಮಾಡಿದ್ದೇವೆ. ಯಾರ ಹೆಸರನ್ನೂ ಕೂಟದಲ್ಲಿ ಓದುವುದಿಲ್ಲ. ಪ್ರತಿ ಮನೆಗೆ ಒಂದು ಚಿಕ್ಕ ಪುಸ್ತಕ, ಅಂಗಡಿಯಲ್ಲಿ ಒಂದು. ಎರಡರಲ್ಲೂ ಅಂದಂದೇ ಬರೆಯುವುದು. ಲೆಕ್ಕದಲ್ಲಿ ತಕರಾರಿದ್ದರೆ ನಾವು ಕುಳಿತು ನೋಡುತ್ತೇವೆ. ಹಳೆಯ ಬಾಕಿಯನ್ನು ನಾಲ್ಕು ಸಂಬಳಗಳಲ್ಲಿ ಭಾಗ ಮಾಡಿ ಕಟ್ಟಬಹುದು. ಮುಂದಿನ ಉದ್ರಿ ಒಂದು ವಾರದ ಕಾಪಿಗೆ ಮಾತ್ರ. ಕಾಯಿಲೆಯ ಮನೆ, ಕೆಲಸವಿಲ್ಲದ ಮನೆ ಇದ್ದರೆ ಗುಟ್ಟಾಗಿ ನಮಗೆ ತಿಳಿಸಿ, ಅದಕ್ಕೆ ಬೇರೆ ದಾರಿ ನೋಡೋಣ.

ಅಕ್ಕ ಯಾರ ದಾನವನ್ನೂ ಕೇಳಿಲ್ಲ. ತಮಗೆ ಬರಬೇಕಾದದ್ದನ್ನು ಕೇಳುತ್ತಿದ್ದಾರೆ, ಅದನ್ನೂ ನಾಚಿಕೊಂಡು ಕೇಳುತ್ತಿದ್ದಾರೆ. ನಮ್ಮ ಕೂಲಿಯನ್ನು ಮಾಲೀಕ ತಡೆದರೆ ಅನ್ಯಾಯ ಎಂದು ಗೇಟಿನ ಮುಂದೆ ನಿಲ್ಲುತ್ತೇವೆ. ಐದೂವರೆಗೆ ಎದ್ದು ಒಲೆ ಹೊತ್ತಿಸುವವರ ಕೂಲಿಯನ್ನು ನಾವು ತಡೆಹಿಡಿದರೆ ಅದಕ್ಕೆ ಏನೆಂದು ಹೆಸರಿಡೋಣ? ಬರುವ ಸಂಬಳದ ದಿನ ಮೇನ್ ರೋಡಿಗೆ ಇಳಿಯುವ ಮುಂಚೆ ಕವಲುದಾರಿಯಲ್ಲಿ ಐದು ನಿಮಿಷ ನಿಲ್ಲಿ. ಮೊದಲನೆಯ ಕಂತು ಕೊಡಿ, ಒಂದು ಲೋಟ ಕಾಪಿಯನ್ನು ಕಾಸು ಕೊಟ್ಟೇ ಕುಡಿಯಿರಿ. ಹೊಸ ಪುಡಿ ಬಂದಿದೆ, ರುಚಿ ತಾವೇ ನೋಡಿ ಹೇಳಿ.