ತಲೆ ಮುಟ್ಟಿ ನೋಡಬೇಕು

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ವೈದ್ಯ ಗೆಳೆಯರೊಬ್ಬರು ಆಡಿದ ಮಾತುಗಳ ಬರಹರೂಪ)



ನೀವು ದೊಡ್ಡ ಭಾಷಣ ಕೇಳೋಕೆ ಬಂದಿದ್ದೀರಿ. ನಾನು ಹೊಟ್ಟು, ಹುಳುಕಡ್ಡಿ, ಉದುರುವ ಕೂದಲು ಇವುಗಳ ಬಗ್ಗೆ ಮಾತಾಡ್ತೀನಿ. ನಗಬೇಡಿ. ಇದರಲ್ಲೂ ಮಾನದ ಪ್ರಶ್ನೆ ಇದೆ.

ಆರನೇ ಕ್ಲಾಸಿಗೆ ಹಾಸ್ಟೆಲ್ ಸೇರಿದ ವರ್ಷ ನನ್ನ ನೆತ್ತಿಯ ಮೇಲೆ ರೂಪಾಯಿ ಅಗಲದಷ್ಟು ಕೂದಲು ಹೋಯಿತು. ವಾರ್ಡನ್ನು 'ಸ್ನಾನ ಮಾಡದ ಜನ' ಅಂದ. ತಲೆ ಬೋಳಿಸಿದರು, ಊಟದ ತಟ್ಟೆ ಬೇರೆ ಇಟ್ಟರು. ಅಪ್ಪ ಕೂಲಿ ಬಿಟ್ಟು ಆಸ್ಪತ್ರೆಗೆ ಕರಕೊಂಡು ಹೋದ. ಡಾಕ್ಟರು ಮೇಜಿನ ಆಚೆಯಿಂದಲೇ ನೋಡಿ, 'ಕೆಂಪಗೇನೂ ಆಗಿಲ್ಲ, ಮುಲಾಮು ಹಚ್ಚು' ಅಂತ ಚೀಟಿ ಬರೆದರು. ಮುಟ್ಟಲಿಲ್ಲ. ತಿಂಗಳೊಳಗೆ ಅಲ್ಲಿ ಮೆತ್ತನೆಯ ಗೆಡ್ಡೆ ಎದ್ದು ಕೀವು ಸೋರಿತು. ಇವತ್ತಿಗೂ ಅಲ್ಲಿ ಕೂದಲಿಲ್ಲ.

ಅದು ಕೊಳೆಯಲ್ಲ, ಬೂಷ್ಟು, ಅಂದರೆ ಫಂಗಸ್ಸು ಅಂತ ನನಗೆ ಗೊತ್ತಾಗಿದ್ದು ನಾನೇ ಡಾಕ್ಟರಿಕೆ ಓದುವಾಗ. ಆದರೆ ನಮ್ಮ ಪುಸ್ತಕದಲ್ಲಿ ಅದರ ಚಿತ್ರ ಬಿಳಿ ಹುಡುಗನ ತಲೆಯದು. ಕೆಳಗೆ 'ಕೆಂಪಾದ ಚರ್ಮ' ಅಂತ ಬರೆದಿತ್ತು. ನನ್ನ ತಲೆ ಯಾವತ್ತೂ ಕೆಂಪಾಗಿರಲಿಲ್ಲ.

ಇಲ್ಲೇ ಇರೋದು ವಿಷಯ. ಚರ್ಮ ಕಪ್ಪಾದಷ್ಟೂ ಉರಿಯೂತದ ಕೆಂಪು ಮರೆಯಾಗುತ್ತೆ. ಅದು ನೇರಳೆಯಾಗಿ, ಬೂದಿ ಬಣ್ಣವಾಗಿ, ಇಲ್ಲವೇ ಸುತ್ತಲಿಗಿಂತ ಕಡುಗಪ್ಪಾಗಿ ಕಾಣುತ್ತೆ. ಕೆಂಪನ್ನೇ ಹುಡುಕುವ ಡಾಕ್ಟರಿಗೆ ರೋಗ ಸಿಗೋದಿಲ್ಲ. ಅಮೆರಿಕದ ಫಿಟ್ಸ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯ 1975ರಲ್ಲಿ ಚರ್ಮಕ್ಕೆ ದರ್ಜೆ ಮಾಡಿದಾಗ ಬಿಳಿ ಚರ್ಮವನ್ನೇ ನಾಲ್ಕು ಬಗೆ ಮಾಡಿದ. ಕಂದು, ಕಪ್ಪು ಆಮೇಲೆ ಸೇರಿದವು. ಲಂಡನ್ನಿನಲ್ಲಿ ಮಲೋನ್ ಮುಕ್ವೆಂಡೆ ಎಂಬ ಕಪ್ಪು ವೈದ್ಯ ವಿದ್ಯಾರ್ಥಿ, ಇದೇ ರೋಗ ನನ್ನಂಥವನ ಮೈಮೇಲೆ ಹೇಗೆ ಕಾಣುತ್ತೆ ಅಂತ ಕೇಳಿದ. ಉತ್ತರ ಪುಸ್ತಕಗಳಲ್ಲಿ ಸಿಗದಿದ್ದಾಗ ತನ್ನ ಇಬ್ಬರು ಅಧ್ಯಾಪಕರ ಜೊತೆ ಸೇರಿ 2020ರಲ್ಲಿ ತಾನೇ ಒಂದು ಕೈಪಿಡಿ ತಂದ. ನಿಮ್ಮ ಹಾಗೆ ಅವನೂ ಆಗ ವಿದ್ಯಾರ್ಥಿಯಾಗಿದ್ದ.

ಒಂದು ಎಚ್ಚರ. ಕಪ್ಪು ಬಣ್ಣ ನಮ್ಮ ಜಾತಿಯೊಂದರದೇ ಅಲ್ಲ. ಅಸ್ಪೃಶ್ಯತೆಗೆ ಮೂಲ ಜನಾಂಗಭೇದ ಅನ್ನೋದನ್ನ ಬಾಬಾಸಾಹೇಬರು 1948ರ ತಮ್ಮ ಪುಸ್ತಕದಲ್ಲೇ ತಳ್ಳಿಹಾಕಿದ್ದಾರೆ. ಈ ದೇಶದಲ್ಲಿ ಎಲ್ಲ ಜಾತಿಯಲ್ಲೂ ಕಂದು, ಕಪ್ಪು ಚರ್ಮವಿದೆ. ಆದರೆ ರೋಗ ಬಂದಾಗ 'ಕೊಳಕು' ಅಂತ ಕರೆಸಿಕೊಳ್ಳೋರು ಯಾರು ಅಂತ ನಿಮಗೆ ಗೊತ್ತು.

ಹಾಗಾದರೆ ಹೇಗೆ ಗುರುತಿಸೋದು?

ಹುಳುಕಡ್ಡಿ ತಲೆಗೆ ಬರೋದು ಹೆಚ್ಚಾಗಿ ಮಕ್ಕಳಿಗೆ. ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿಗಳಾಗಿ ನಿಲ್ಲುತ್ತೆ. ಮೇಲೆ ಹೊಟ್ಟು ಏಳುತ್ತೆ. ಬೆರಳಿಂದ ಹಿಂಗತ್ತು ಮುಟ್ಟಿದರೆ ಸಣ್ಣ ಗಂಟುಗಳು ಸಿಗಬಹುದು. ಒಂದೆರಡು ಮುರಿದ ಕೂದಲು, ಒಂದಿಷ್ಟು ಹೊಟ್ಟು ಕೆರೆದು ಪೊಟ್ಯಾಶ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್ಸು ಕಾಣುತ್ತೆ. ನೀಲಿ ದೀಪ ಹಿಡಿದು 'ಹೊಳೀಲಿಲ್ಲ, ಏನಿಲ್ಲ' ಅಂದರೆ ಒಪ್ಪಬೇಡಿ, ನಮ್ಮ ದೇಶದಲ್ಲಿ ಹೆಚ್ಚಾಗಿರೋ ಜಾತಿಯ ಫಂಗಸ್ಸು ಆ ದೀಪಕ್ಕೆ ಹೊಳೆಯೋದಿಲ್ಲ. ಬರೀ ಮುಲಾಮಿಗೆ ಇದು ಹೋಗೋದಿಲ್ಲ, ಯಾಕಂದರೆ ಫಂಗಸ್ಸು ಕೂದಲಿನ ಒಳಗಿರುತ್ತೆ. ವಾರಗಟ್ಟಲೆ ಮಾತ್ರೆ ನುಂಗಬೇಕು. ನನಗೆ ಎದ್ದಂಥ ಕೀವಿನ ಗೆಡ್ಡೆಯನ್ನು ಕುರು ಅಂತ ತಿಳಿದು ಕೊಯ್ಯೋರಿದ್ದಾರೆ. ಅದನ್ನೂ ಒಪ್ಪಬೇಡಿ.

ಕೂದಲು ಗುಂಡಗೆ ಹೋಗಿದೆ, ಜಾಗ ನುಣ್ಣಗಿದೆ, ಹೊಟ್ಟಿಲ್ಲ, ತುರಿಕೆಯಿಲ್ಲ ಅಂದರೆ ಅದು ಬಹುಪಾಲು ಬೇರೆಯದು. ಊರಲ್ಲಿ 'ಹುಳ ತಿಂದಿದೆ' ಅಂತಾರೆ. ಹುಳವೂ ಇಲ್ಲ, ಅಂಟೋದೂ ಇಲ್ಲ. ಮೈಯ ರಕ್ಷಣೆಯ ಪಡೆಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತೆ. ಅಂಥ ಹುಡುಗನ ಹಾಸಿಗೆ ಬೇರೆ ಹಾಕೋದು ಮೂರ್ಖತನ.

ಹಣೆಯಂಚಲ್ಲಿ, ಮೂಗಿನ ಪಕ್ಕ ಜಿಡ್ಡುಹೊಟ್ಟಿನ ಜೊತೆ ಚರ್ಮ ತಿಳಿಯಾದರೆ ತೊನ್ನು, ಕುಷ್ಠ ಅಂತ ಹೆದರಿಸ್ತಾರೆ. ಬಹಳ ಸಲ ಅದು ಹೊಟ್ಟಿನ ರೋಗವೇ, ಕಪ್ಪು ಚರ್ಮದಲ್ಲಿ ಹಾಗೆ ಕಾಣುತ್ತೆ. ಎಣ್ಣೆ ಸುರಿದಷ್ಟೂ ಹೆಚ್ಚುತ್ತೆ. ಡಾಕ್ಟರು ಹತ್ತಿಯೆಳೆಯಿಂದ ಮುಟ್ಟಿ ಅಲ್ಲಿ ಸ್ಪರ್ಶ ಇದೆಯಾ ಅಂತ ನೋಡಬೇಕು. ಕುಷ್ಠವೇ ಆದರೂ ಔಷಧಿ ಪುಕ್ಕಟೆ ಸಿಗುತ್ತೆ, ವಾಸಿಯಾಗುತ್ತೆ.

ಕಲೆಯ ಅಂಚು ಕಡುಗಪ್ಪು, ನಡುವೆ ಬಿಳಿಚು, ಕೂದಲಿನ ರಂಧ್ರಗಳೇ ಮುಚ್ಚಿಹೋಗಿವೆ ಅಂದರೆ ತಡ ಮಾಡಬೇಡಿ. ಲೂಪಸ್ ಅನ್ನೋ ರೋಗ ಹೀಗೆ ಕಾಣಬಹುದು. ರಂಧ್ರ ಮುಚ್ಚಿದ ಮೇಲೆ ಕೂದಲು ಮರಳೋದಿಲ್ಲ. ಪರೀಕ್ಷೆಗೆ ಚೂರು ತೆಗೆಯೋದಾದರೆ ರೋಗ ಇನ್ನೂ ಹಬ್ಬುತ್ತಿರೋ ಅಂಚಿನಿಂದ ತೆಗೀಬೇಕು, ಬೋಳಾದ ನಡುವಿನಿಂದಲ್ಲ.

ತಂಗಿಯರೆ, ಶಾಲೆಯ ನಿಯಮ ಅಂತ ಎರಡು ಜಡೆಯನ್ನ ನೋವಾಗೋ ಹಾಗೆ ಬಿಗೀತೀರಿ. ವರ್ಷಗಟ್ಟಲೆ ಎಳೆದರೆ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತೆ. ಸಡಿಲಿಸಿ. ಬೇಗ ಸಡಿಲಿಸಿದರೆ ಮತ್ತೆ ಬರುತ್ತೆ.

ಅಂಗಡಿಯಲ್ಲಿ ಕೇಳಿ ಮೂರು ಔಷಧಿ ಬೆರೆಸಿದ ಸ್ಟೀರಾಯ್ಡ್ ಕ್ರೀಮು ತರಬೇಡಿ. ತುರಿಕೆ ಅಡಗುತ್ತೆ, ಫಂಗಸ್ಸು ಒಳಗೊಳಗೇ ಹಬ್ಬುತ್ತೆ. ಕೊನೆಗೆ ಡಾಕ್ಟರಿಗೂ ಗುರುತು ಸಿಗದ ಹಾಗೆ ರೋಗ ವೇಷ ಮರೆಸುತ್ತೆ.

ಈಗ ಹಾಸ್ಟೆಲ್ಲಿನ ಕೆಲಸ. ಒಂದೇ ಬಾಚಣಿಗೆ, ಒಂದೇ ಟವೆಲ್ಲು ಹತ್ತು ಜನಕ್ಕೆ ಓಡಾಡುತ್ತೆ. ಅದು ಹುಡುಗರ ಕೊಳಕುತನ ಅಲ್ಲ, ಕೊಟ್ಟಿರೋದೇ ಅಷ್ಟು. ತಲೆಗೊಂದು ಬಾಚಣಿಗೆ, ತಲೆಗೊಂದು ಟವೆಲ್ಲು, ಸಾಕಷ್ಟು ನೀರು ಕೇಳಿ. ಅರ್ಜಿ ಬರೆದು ಕೇಳಿ. ಒಬ್ಬ ಹುಡುಗನಿಗೆ ಹುಳುಕಡ್ಡಿ ಅಂತ ಗೊತ್ತಾದರೆ ಅವನನ್ನ ಹೊರಗೆ ಕೂರಿಸಬೇಡಿ. ಎಲ್ಲರ ತಲೆಯನ್ನೂ ಪರೀಕ್ಷೆ ಮಾಡಿಸಿ.

ಆಸ್ಪತ್ರೆಗೆ ಹೋದಾಗ ಕೈ ಕಟ್ಟಿ ನಿಲ್ಲಬೇಡಿ. ಕಪ್ಪು ಚರ್ಮದಲ್ಲಿ ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತೆ: ಬಿಸಿ, ಊತ, ನೋವು, ಗಂಟು. ಅದಕ್ಕೇ, 'ಸಾರ್, ಬೆಳಕಿಗೆ ಹಿಡಿದು, ಕೂದಲು ಬಿಡಿಸಿ, ಮುಟ್ಟಿ ನೋಡಿ' ಅಂತ ಹೇಳಿ. ಇದು ನೀವು ಬೇಡೋ ದಯೆ ಅಲ್ಲ, ಪರೀಕ್ಷೆಯ ಮೊದಲ ಪಾಠ. ನಿಮ್ಮಲ್ಲಿ ನಾಳೆ ಡಾಕ್ಟರು, ನರ್ಸು ಆಗೋರಿದ್ದೀರಿ. ಆ ದಿನ ನಿಮ್ಮ ಮುಂದೆ ಒಬ್ಬ ಹುಡುಗ ತಲೆ ತಗ್ಗಿಸಿ ನಿಂತರೆ, ಮೊದಲು ಅವನ ತಲೆ ಮುಟ್ಟಿ. ಚೀಟಿ ಆಮೇಲೆ ಬರೆಯಿರಿ.