ಜೆಟ್ ಎಂಜಿನಿನ ಸವೆತ

ವಿಮಾನದ ಜೆಟ್ ಎಂಜಿನು ಹಳೆಯದಾದಂತೆ ಅದರ ಶಕ್ತಿ ಕುಂದುತ್ತದೆ ಎಂಬ ಗ್ರಹಿಕೆ ಸಾಮಾನ್ಯವಾಗಿದ್ದರೂ ಅದು ಪೂರ್ತಿ ನಿಜವಲ್ಲ. ವರ್ಷಗಟ್ಟಲೆ ದುಡಿದ ಎಂಜಿನು ಕೂಡ ನಿಗದಿಯಾದ ನೂಕುಬಲವನ್ನು ಕೊಟ್ಟೇ ವಿಮಾನವನ್ನು ಮೇಲೇರಿಸುತ್ತದೆ. ಆದರೆ ಅಷ್ಟೇ ಬಲವನ್ನು ಕೊಡಲು ಅದು ಹೊಸದಾಗಿದ್ದಾಗಿನದಕ್ಕಿಂತ ಹೆಚ್ಚು ಇಂಧನವನ್ನು ಉರಿಸುತ್ತದೆ ಮತ್ತು ಹೆಚ್ಚು ಬಿಸಿಯಾಗುತ್ತದೆ.

ಇದಕ್ಕೆ ಕಾರಣ ಎಂಜಿನಿನ ರಚನೆಯಲ್ಲೇ ಇದೆ. ಒಳಗೆ ಬಂದ ಗಾಳಿಯ ಒಂದು ಪಾಲನ್ನು ಕಂಪ್ರೆಸರ್ ಒತ್ತಿ ದಹನಕೋಷ್ಠಕ್ಕೆ ತಳ್ಳುತ್ತದೆ. ಅಲ್ಲಿ ಇಂಧನ ಉರಿದು ಹುಟ್ಟಿದ ಬಿಸಿ ಅನಿಲವು ಟರ್ಬೈನನ್ನು ತಿರುಗಿಸುತ್ತದೆ. ಆ ಟರ್ಬೈನೇ ದಂಡದ ಮೂಲಕ ಕಂಪ್ರೆಸರನ್ನೂ ಮುಂಭಾಗದ ದೊಡ್ಡ ಫ್ಯಾನನ್ನೂ ನಡೆಸುತ್ತದೆ. ಈ ಸರಪಳಿಯಲ್ಲಿ ಎಲ್ಲಿ ದಕ್ಷತೆ ಕುಗ್ಗಿದರೂ ಆ ಕೊರತೆಯನ್ನು ಇಂಧನದಿಂದಲೇ ತುಂಬಬೇಕಾಗುವುದರಿಂದ ಹೊರಬರುವ ಅನಿಲದ ಉಷ್ಣತೆ ಏರುತ್ತದೆ. ಇಜಿಟಿ ಎಂದು ಕರೆಯಲಾಗುವ ಈ ಉಷ್ಣತೆಗೆ ಮೀರಬಾರದ ಒಂದು ಮಿತಿಯಿದ್ದು, ಟೇಕಾಫ್ ವೇಳೆಯ ಗರಿಷ್ಠ ಉಷ್ಣತೆಗೂ ಆ ಮಿತಿಗೂ ನಡುವೆ ಉಳಿಯುವ ಅಂತರವನ್ನು ಇಜಿಟಿ ಮಾರ್ಜಿನ್ ಎನ್ನುತ್ತಾರೆ. ಎಂಜಿನಿನ ಸವೆತವನ್ನು ಅಳೆಯುವ ಮುಖ್ಯ ಮಾನದಂಡ ಇದೇ.

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ನಾಸಾ ಸಂಸ್ಥೆಯು ಬೋಯಿಂಗ್ 747 ವಿಮಾನದ ಜೆಟಿ9ಡಿ ಎಂಜಿನನ್ನು ಈ ದೃಷ್ಟಿಯಿಂದ ಪರಿಶೀಲಿಸಿತು. ಹಾರಾಟದಲ್ಲಿ ಗಾಳಿಯ ಬಲಗಳು ಎಂಜಿನಿನ ಕವಚವನ್ನು ತುಸುವೇ ಬಾಗಿಸುವುದರಿಂದ, ತಿರುಗುತ್ತಿರುವ ಅಲಗುಗಳ ತುದಿ ಕವಚದ ಒಳಮೈಗೆ ಉಜ್ಜುತ್ತದೆ ಮತ್ತು ಆರಂಭದ ಹಾರಾಟಗಳಲ್ಲೇ ಕಾಣುವ ದಕ್ಷತೆಯ ನಷ್ಟಕ್ಕೆ ಈ ಉಜ್ಜಾಟವೇ ಪ್ರಮುಖ ಕಾರಣ ಎಂಬುದು ಅದರಿಂದ ತಿಳಿದುಬಂತು. ಹೀಗೆ ಉಜ್ಜಿ ಹಿಗ್ಗಿದ ಸಂದಿನಲ್ಲಿ ಅನಿಲವು ಕೆಲಸ ಮಾಡದೆಯೇ ನುಸುಳಿಹೋಗುತ್ತದೆ. ಅಧಿಕ ಒತ್ತಡದ ಟರ್ಬೈನಿನಲ್ಲಿ ಈ ಸಂದು ಕಾಲು ಮಿಲಿಮೀಟರಿನಷ್ಟು ಹೆಚ್ಚಿದರೆ ಇಂಧನದ ಖರ್ಚು ಸುಮಾರು ಶೇಕಡಾ 1ರಷ್ಟೂ, ಇಜಿಟಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟೂ ಏರುತ್ತವೆ. ಆದ್ದರಿಂದಲೇ ಹೊಸ ಎಂಜಿನು ಮೊದಮೊದಲು ಬೇಗನೆ ಮಾರ್ಜಿನ್ ಕಳೆದುಕೊಂಡು, ಆಮೇಲೆ ನಿಧಾನವಾದ ಗತಿಗೆ ಬರುತ್ತದೆ.

ನಂತರದ ವರ್ಷಗಳ ನಷ್ಟಕ್ಕೆ ಗಾಳಿಯೊಡನೆ ಒಳನುಗ್ಗುವ ಕಣಗಳು ಬಹುಪಾಲು ಹೊಣೆ. ಧೂಳು, ಕಡಲ ಉಪ್ಪು, ಕೀಟಗಳು ಮತ್ತು ಎಣ್ಣೆಯ ಆವಿ ಕಂಪ್ರೆಸರಿನ ಅಲಗುಗಳ ಮೇಲೆ ಪದರವಾಗಿ ಕೂತು ಅವುಗಳ ಆಕಾರವನ್ನು ಕೆಡಿಸುತ್ತವೆ. ಇಂಧನ ಹೊತ್ತಿಸದೆ ಸ್ಟಾರ್ಟರಿನಿಂದ ಎಂಜಿನನ್ನು ತಿರುಗಿಸುತ್ತ ಒಳಗೆ ನೀರು ಹಾಯಿಸಿ ತೊಳೆದರೆ ಈ ಕೊಳೆಯ ಬಹುಭಾಗ ಹೋಗಿ, ಕಳೆದ ಮಾರ್ಜಿನಿನ ಒಂದಂಶ ಮರಳುತ್ತದೆ. ಆದರೆ ಮರಳಿನ ಕಣಗಳು ಅಲಗಿನ ಮುಂದಿನ ಅಂಚನ್ನು ತೇಯ್ದು ಮೊಂಡಾಗಿಸಿದರೆ ಆ ಹಾನಿಯನ್ನು ಯಾವ ತೊಳೆತವೂ ಸರಿಪಡಿಸಲಾರದು.

ಟರ್ಬೈನಿನ ಸ್ಥಿತಿ ಇನ್ನೂ ಕಠಿಣ. ಟೇಕಾಫ್ ವೇಳೆ ಅಲ್ಲಿಗೆ ಬರುವ ಅನಿಲದ ಉಷ್ಣತೆ ಆಧುನಿಕ ಎಂಜಿನುಗಳಲ್ಲಿ 1,500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ; ಇದು ಅಲಗುಗಳ ನಿಕಲ್ ಮಿಶ್ರಲೋಹ ಕರಗುವ ಉಷ್ಣತೆಗಿಂತಲೂ ಹೆಚ್ಚು. ಅಲಗಿನೊಳಗಿನ ಕಿರುಗಾಲುವೆಗಳಲ್ಲಿ ಹರಿಯುವ ತಂಪು ಗಾಳಿ ಮತ್ತು ಮೇಲಿನ ಜಿರ್ಕೋನಿಯಾ ಲೇಪನ ಇವೆರಡೇ ಆ ಲೋಹವನ್ನು ಕಾಪಾಡುತ್ತವೆ. ನವಿರಾದ ಧೂಳು ಕಿರುರಂಧ್ರಗಳನ್ನು ಮುಚ್ಚಿದಾಗ, ಅಥವಾ ಕರಗಿ ಗಾಜಿನಂತಾಗಿ ಲೇಪನದೊಳಗೆ ಇಳಿದು ಅದನ್ನು ಚಕ್ಕೆಯಾಗಿ ಏಳಿಸಿದಾಗ, ಲೋಹ ನೇರವಾಗಿ ತಾಪಕ್ಕೆ ಒಡ್ಡಿಕೊಳ್ಳುತ್ತದೆ. ಇಲ್ಲಿ ಒಂದು ವಿಷಚಕ್ರವೂ ಇದೆ: ದಕ್ಷತೆ ಕುಗ್ಗಿದಷ್ಟೂ ತಾಪ ಏರುತ್ತದೆ, ತಾಪ ಏರಿದಷ್ಟೂ ಟರ್ಬೈನ್ ಬೇಗ ಹಾಳಾಗಿ ದಕ್ಷತೆ ಮತ್ತೆ ಕುಗ್ಗುತ್ತದೆ. ವಿಮಾನದ ಭಾರ ಮತ್ತು ರನ್‌ವೇಯ ಉದ್ದ ಅವಕಾಶ ಕೊಟ್ಟಾಗಲೆಲ್ಲ ಪೈಲಟ್‌ಗಳು ಪೂರ್ಣ ನೂಕುಬಲವನ್ನು ಬಳಸದೆಯೇ ಟೇಕಾಫ್ ಮಾಡುವುದರ ಹಿಂದೆ ಈ ಚಕ್ರವನ್ನು ನಿಧಾನಗೊಳಿಸುವ ಉದ್ದೇಶವಿದೆ.

ಮಾರ್ಜಿನ್ ಮುಗಿಯುತ್ತ ಬಂದಾಗ ಎಂಜಿನನ್ನು ರೆಕ್ಕೆಯಿಂದ ಇಳಿಸಿ, ಕಾರ್ಯಾಗಾರದಲ್ಲಿ ಬಿಚ್ಚಿ, ಅಲಗುಗಳನ್ನೂ ಸೀಲುಗಳನ್ನೂ ದುರಸ್ತಿ ಮಾಡಲಾಗುತ್ತದೆ. ಆದರೂ ಸಾಮಾನ್ಯವಾಗಿ ಹೊಸ ಎಂಜಿನಿನಷ್ಟು ಮಾರ್ಜಿನ್ ಮತ್ತೆ ದೊರೆಯುವುದಿಲ್ಲ. ಇದಲ್ಲದೆ ಅಲಗುಗಳನ್ನು ಹಿಡಿದಿರುವ ಡಿಸ್ಕುಗಳಿಗೆ ಇಷ್ಟು ಹಾರಾಟ ಎಂಬ ಕಟ್ಟುನಿಟ್ಟಿನ ಮಿತಿಯಿದ್ದು, ಎಂಜಿನು ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಆ ಲೆಕ್ಕ ತುಂಬಿದಾಗ ಅವುಗಳನ್ನು ಬದಲಿಸಲೇಬೇಕು. ಹೀಗಾಗಿ ದುರಸ್ತಿಯಿಂದ ಮರಳಿ ಪಡೆದ ಮಾರ್ಜಿನು ಡಿಸ್ಕುಗಳ ಆಯುಷ್ಯ ಮುಗಿಯುವ ಹೊತ್ತಿಗೇ ಮುಗಿಯುವಂತೆ ಎಷ್ಟು ಕೆಲಸ ಮಾಡಿಸಬೇಕೆಂದು ಅಳೆದು ನಿರ್ಧರಿಸುವುದು ವಿಮಾನ ಸಂಸ್ಥೆಯ ಎಂಜಿನಿಯರುಗಳ ಜಾಣ್ಮೆಗೆ ಬಿಟ್ಟ ವಿಷಯ. ಏಕೆಂದರೆ ಅದಕ್ಕಿಂತ ಕಡಿಮೆ ದುರಸ್ತಿ ಮಾಡಿಸಿದರೆ ಎಂಜಿನು ಬೇಗನೆ ಕಾರ್ಯಾಗಾರಕ್ಕೆ ಮರಳುತ್ತದೆ, ಹೆಚ್ಚು ಮಾಡಿಸಿದರೆ ಬಳಕೆಯಾಗದೆ ಉಳಿಯುವ ಮಾರ್ಜಿನಿಗೆ ಹಣ ತೆತ್ತಂತಾಗುತ್ತದೆ.